ನೆಗಡಿ ಬಂದರೆ ಮೂಗು ಕೊಯ್ಯುವವರು

ಗುಂಡಿ ಒತ್ತಿದಾಗ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಏಳಲಿಲ್ಲ ಎಂದರೆ ಅದು ಸತ್ತಿದೆ ಎಂದು ಅರ್ಥವಲ್ಲ. ಅದರೊಳಗಿನ ಹತ್ತಾರು ಭಾಗಗಳಲ್ಲಿ ಯಾವುದೋ ಒಂದಕ್ಕೆ ಕಾಯಿಲೆಯಾಗಿದೆ, ಅಷ್ಟೆ. ಇದನ್ನು ಹೇಳುವುದಕ್ಕೂ ಒಂದು ಲೇಖನ ಬೇಕೇ ಎಂದು ನೀವು ಕೇಳಬಹುದು. ಬೇಕು. ನಾನಿರುವ ಇಂಗ್ಲೆಂಡಿನಲ್ಲೂ ನಾನು ಬಿಟ್ಟುಬಂದ ದಾವಣಗೆರೆಯಲ್ಲೂ ಈಗ ಒಂದೇ ಮಂತ್ರ: "ಹಳೆಯದಾಯಿತು, ಬಿಸಾಕಿ." ಯಾವ ಭಾಗ ಕೆಟ್ಟಿದೆ ಎಂದು ನೋಡುವ ಮೊದಲೇ ತೀರ್ಪು ಹೊರಬೀಳುತ್ತದೆ. ನನ್ನ ತಕರಾರು ಈ ತೀರ್ಪಿನ ಬಗ್ಗೆ.

ನನ್ನ ಡೆಸ್ಕ್‌ಟಾಪ್ 2013ರದ್ದು. ಕಳೆದ ಚಳಿಗಾಲದಿಂದ ಬೆಳಗಿನ ಹೊತ್ತು ಹಟ ಹಿಡಿಯತೊಡಗಿತು. ಗುಂಡಿ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ನಾಲ್ಕನೆಯ ಸಲಕ್ಕೋ ಐದನೆಯ ಸಲಕ್ಕೋ ಎದ್ದರೆ ಮಾತ್ರ ರಾತ್ರಿಯವರೆಗೂ ಒಂದು ತಕರಾರೂ ಇಲ್ಲದೆ ದುಡಿಯುತ್ತಿತ್ತು. ಅಂಗಡಿಗೆ ಒಯ್ದೆ. ಕೌಂಟರಿನಲ್ಲಿದ್ದ ಹುಡುಗ ಪೆಟ್ಟಿಗೆಯ ಮುಚ್ಚಳವನ್ನೂ ತೆಗೆಯಲಿಲ್ಲ. "ಎಷ್ಟು ವರ್ಷದ್ದು?" ಎಂದು ಕೇಳಿದ. ಹೇಳಿದೆ. "ಮದರ್‌ಬೋರ್ಡ್ ಹೋಗಿರುತ್ತದೆ" ಎಂದ. ಹೊಸದಕ್ಕೆ 650 ಪೌಂಡ್, ಹಳೆಯ ಕಡತಗಳನ್ನು ಹೊಸದಕ್ಕೆ ಸಾಗಿಸಲು ಇನ್ನೂ 60 ಪೌಂಡ್. ಕನ್ನಡ ಬಳಗದ ಗೆಳೆಯರೂ ಅದನ್ನೇ ಹೇಳಿದರು: "ಬಿಡಿ ಸಾರ್, ಅದರ ಕಾಲ ಮುಗೀತು."

ಕಾಲ ಮುಗಿಯಿತೆಂದು ಯಾರು ಹೇಳಿದ್ದು? ಲೆಕ್ಕಪತ್ರದ ಪುಸ್ತಕವೇ? ಅದು ನನ್ನ ಕಸುಬು, ಆದ್ದರಿಂದ ಹೇಳುತ್ತೇನೆ. ಭಾರತದ 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿ ಡೆಸ್ಕ್‌ಟಾಪಿಗೆ 3 ವರ್ಷದ ಉಪಯುಕ್ತ ಆಯುಷ್ಯ ಕೊಡುತ್ತದೆ. ಅದು ಖರ್ಚನ್ನು ವರ್ಷಗಳಿಗೆ ಹಂಚಲು ಮಾಡಿಕೊಂಡ ಅಂದಾಜೇ ಹೊರತು ಮರಣಪತ್ರವಲ್ಲ. ಆದಾಯ ತೆರಿಗೆಯ ಸವಕಳಿ ದರ ಶೇ. 40. ಪ್ರತಿ ವರ್ಷ ಉಳಿದ ಮೌಲ್ಯದ ಮೇಲೆ ಅದನ್ನು ಕಳೆಯುತ್ತ ಹೋದರೆ 50,000 ರೂಪಾಯಿಯ ಕಂಪ್ಯೂಟರಿಗೆ 12 ವರ್ಷಗಳ ನಂತರವೂ ಪುಸ್ತಕದಲ್ಲಿ ಸುಮಾರು 109 ರೂಪಾಯಿ ಉಳಿದಿರುತ್ತದೆ. ಇಲ್ಲಿ ಬ್ರಿಟನ್ನಿನಲ್ಲಿ ವ್ಯಾಪಾರಕ್ಕೆಂದು ಕೊಂಡರೆ ಪೂರ್ತಿ ಬೆಲೆಯನ್ನು ಮೊದಲ ವರ್ಷವೇ ಲಾಭದಿಂದ ಕಳೆಯಬಹುದು. ಹಾಗಾದರೆ ಒಂದೇ ಯಂತ್ರ ಇಲ್ಲಿ ಒಂದು ವರ್ಷಕ್ಕೆ, ಅಲ್ಲಿ ಮೂರು ವರ್ಷಕ್ಕೆ ಸಾಯುತ್ತದೆಯೇ? ಪುಸ್ತಕದ ಸೊನ್ನೆಗೂ ಯಂತ್ರದ ಸಾವಿಗೂ ಸಂಬಂಧವಿಲ್ಲ.

ಇನ್ನು ಪರೀಕ್ಷೆಯ ಮಾತು. ಇದರಲ್ಲಿ ಮಂತ್ರವಿದ್ಯೆ ಏನೂ ಇಲ್ಲ, ಅಗ್ಗದಿಂದ ದುಬಾರಿಯ ಕಡೆಗೆ ಹೋಗಬೇಕು. ಯಂತ್ರ ಎದ್ದಿರುವಾಗಲೇ ಕಡತಗಳ ನಕಲು ತೆಗೆದಿಡುವುದು ಮೊದಲ ಕೆಲಸ. ಆಮೇಲೆ ಗೋಡೆಯ ಸಾಕೆಟ್, ವೈರು, ಹಿಂಬದಿಯ ಸ್ವಿಚ್ಚು. ಅನಂತರ ಮುಂದಿನ ಗುಂಡಿ: ಮದರ್‌ಬೋರ್ಡಿನಲ್ಲಿ ಆ ಗುಂಡಿಯ ವೈರು ಕೂರುವ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ, ಕೆಟ್ಟಿರುವುದು ಗುಂಡಿಯೋ ಅಲ್ಲವೋ ತಿಳಿಯುತ್ತದೆ. ಪ್ಲಗ್ ಕಿತ್ತು ರ್‍ಯಾಮ್ ಪಟ್ಟಿಗಳನ್ನು ತೆಗೆದು, ಒರೆಸಿ, ಮತ್ತೆ ಕೂರಿಸಬೇಕು. ಬೋರ್ಡಿನ ಮೇಲಿನ ಬಿಲ್ಲೆಯಂಥ ಸಿಆರ್2032 ಬ್ಯಾಟರಿಯನ್ನು ಅಳೆಯಬೇಕು. ಅದು 3 ವೋಲ್ಟಿನದು, ನನ್ನದು 2.6ಕ್ಕೆ ಇಳಿದಿತ್ತು. ಬೋರ್ಡಿನ ಕೆಪಾಸಿಟರುಗಳ ತಲೆ ಉಬ್ಬಿದೆಯೇ ನೋಡಬೇಕು. ಉಬ್ಬಿರಲಿಲ್ಲ.

ಉಳಿದದ್ದು ನಮ್ಮೂರಿನವರು ಎಸ್‌ಎಂಪಿಎಸ್ ಎನ್ನುವ ಪೆಟ್ಟಿಗೆ. ರೋಗಲಕ್ಷಣವೂ ಅತ್ತಲೇ ಬೆರಳು ತೋರಿಸುತ್ತಿತ್ತು. ಅದರೊಳಗಿನ ಕೆಪಾಸಿಟರುಗಳ ದ್ರಾವಣ ವರ್ಷಗಳು ಕಳೆದಂತೆ ಒಣಗುತ್ತದೆ, ಒಳಗಿನ ರೋಧ ಏರುತ್ತದೆ. ಚಳಿಯಲ್ಲಿ ಅದು ಇನ್ನೂ ಹೆಚ್ಚು. ಅದಕ್ಕೇ ತಣ್ಣಗಿದ್ದಾಗ ಏಳುವುದಿಲ್ಲ, ಒಮ್ಮೆ ಬಿಸಿಯಾದರೆ ದಿನವಿಡೀ ಓಡುತ್ತದೆ. ಪರಿಚಯದವರೊಬ್ಬರಿಂದ ಸರಿಯಿರುವ ಎಸ್‌ಎಂಪಿಎಸ್ ಎರವಲು ತಂದು ಜೋಡಿಸಿದೆ. ಒಂದೇ ಒತ್ತಿಗೆ ಎದ್ದಿತು. ಮರುದಿನ ಹೊಸದೊಂದನ್ನು 45 ಪೌಂಡಿಗೆ, ಬ್ಯಾಟರಿಯನ್ನು 3 ಪೌಂಡಿಗೆ ತಂದೆ. 710ರ ಜಾಗದಲ್ಲಿ 48. ಒಂದು ಎಚ್ಚರಿಕೆ: ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಜೀವ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಇಡಿಯಾಗಿ ಬದಲಿಸಿ.

ನನ್ನ ಸಿಟ್ಟು ಆ ಹುಡುಗನ ಮೇಲಲ್ಲ. ರೋಗ ಹೇಳುವವನೇ ಹೊಸದನ್ನು ಮಾರುವವನೂ ಆಗಿರುವ ಏರ್ಪಾಡಿನ ಮೇಲೆ. ನಮ್ಮ ಕಸುಬಿನಲ್ಲಿ ಇದಕ್ಕೆ ಅಡ್ಡಗೋಡೆ ಇದೆ. ಕಂಪನಿಯ ಲೆಕ್ಕ ತಪಾಸಣೆ ಮಾಡುವವನು ಅದೇ ಕಂಪನಿಯ ಲೆಕ್ಕ ಬರೆಯುವಂತಿಲ್ಲ, ಇನ್ನೂ ಹಲವು ಸೇವೆಗಳನ್ನು ಮಾರುವಂತಿಲ್ಲ ಎಂದು ಕಂಪನಿ ಕಾಯ್ದೆಯ 144ನೆಯ ಕಲಮು ಹೇಳುತ್ತದೆ. ತೀರ್ಪು ಕೊಡುವವನ ಕಿಸೆಗೆ ಆ ತೀರ್ಪಿನಿಂದಲೇ ಹಣ ಬರಬಾರದು ಎಂಬುದು ಅದರ ತಿರುಳು. ತಪಾಸಣೆ ಮಾಡದೆ ನಾನು ವರದಿಗೆ ಸಹಿ ಹಾಕಿದರೆ ನನ್ನ ಸದಸ್ಯತ್ವಕ್ಕೇ ಕುತ್ತು. ಮುಚ್ಚಳ ತೆಗೆಯದೆ "ಮದರ್‌ಬೋರ್ಡ್ ಹೋಗಿದೆ" ಎಂದವರಿಗೆ ಏನೂ ಇಲ್ಲ, ಮೇಲೆ ಒಂದು ಮಾರಾಟ ಲಾಭ.

ಕಾನೂನೂ ಅರ್ಧ ದಾರಿಯಲ್ಲಿ ನಿಂತಿದೆ. ಬ್ರಿಟನ್ 2021ರಲ್ಲಿ ತಂದ ದುರಸ್ತಿಯ ನಿಯಮಗಳು ಬಟ್ಟೆ ಒಗೆಯುವ ಯಂತ್ರ, ಪಾತ್ರೆ ತೊಳೆಯುವ ಯಂತ್ರ, ಫ್ರಿಜ್ಜು, ಟಿವಿಗಳಿಗೆ ಬಿಡಿಭಾಗ ಒದಗಿಸಬೇಕು ಎಂದವು. ಕಂಪ್ಯೂಟರ್ ಆ ಪಟ್ಟಿಯಲ್ಲಿಲ್ಲ. ಕೆಲವು ತಯಾರಕರು ಎಸ್‌ಎಂಪಿಎಸ್‌ನ ಆಕಾರವನ್ನೂ ಕನೆಕ್ಟರನ್ನೂ ತಮ್ಮದೇ ರೀತಿಯಲ್ಲಿ ಮಾಡಿ, ಪೇಟೆಯ ಸಾಮಾನ್ಯ ಭಾಗ ಕೂರದಂತೆ ನೋಡಿಕೊಳ್ಳುತ್ತಾರೆ. ನನ್ನದು ಹಾಗಿದ್ದಿದ್ದರೆ 48 ಪೌಂಡಿನ ಈ ಕಥೆಯೇ ಇರುತ್ತಿರಲಿಲ್ಲ. ಫಲ ಕಣ್ಣೆದುರಿಗಿದೆ. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹೊರಹಾಕಿತು, ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ ಎಂದು ವಿಶ್ವಸಂಸ್ಥೆಯ ವರದಿ ಹೇಳಿದೆ.

ಎದುರುವಾದವೂ ಇದೆ, ಅದು ಸುಳ್ಳಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ನನ್ನ ಯಂತ್ರದ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಭದ್ರತೆ ತಮಾಷೆಯ ಮಾತಲ್ಲ. ನಾನು ಲಿನಕ್ಸ್ ಹಾಕಿಕೊಂಡೆ. ಪತ್ರ ಬರೆಯಲು, ಲೆಕ್ಕ ಹಾಕಲು, ಊರಿನಲ್ಲಿರುವ ಅಮ್ಮನ ಜೊತೆ ವಿಡಿಯೋದಲ್ಲಿ ಮಾತಾಡಲು ಧಾರಾಳ ಸಾಕು. ಭಾರೀ ವಿಡಿಯೋ ಕೆಲಸ ಮಾಡುವವರು ಹೊಸದನ್ನು ಕೊಳ್ಳಲಿ. ಬೋರ್ಡೇ ನಿಜವಾಗಿ ಸುಟ್ಟಿದ್ದರೆ ಅದಕ್ಕೆ ದುಡ್ಡು ಸುರಿಯುವುದೂ ಜಾಣತನವಲ್ಲ. ಹಳೆಯದೆಲ್ಲ ಪೂಜ್ಯ ಎಂಬುದು ನನ್ನ ವಾದವಲ್ಲ. ಪರೀಕ್ಷೆ ಮೊದಲು, ತೀರ್ಪು ಆಮೇಲೆ.

ಕೊಡೆಯ ಕಡ್ಡಿ ಮುರಿದರೆ ಕಡ್ಡಿ ಹಾಕಿಸುತ್ತಿದ್ದ, ತಾಮ್ರದ ಪಾತ್ರೆಗೆ ಕಲಾಯಿ ಮಾಡಿಸುತ್ತಿದ್ದ ಮನೆಗಳಿಂದ ಬಂದವರು ನಾವು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಗಲ್ಲಿಗಳಲ್ಲಿ ಭೂತಗನ್ನಡಿ ಹಿಡಿದು ಬೋರ್ಡಿಗೆ ಬೆಸುಗೆ ಹಾಕುವವರು ಇನ್ನೂ ಕೂತಿದ್ದಾರೆ. ಆ ಕೈಗಳಿಗೆ ಕೆಲಸ ಕೊಡದೆ, ಮೂರು ವರ್ಷಕ್ಕೊಮ್ಮೆ ಪೆಟ್ಟಿಗೆ ಬದಲಿಸುವುದನ್ನೇ ಏಳಿಗೆಯೆಂದು ಎಣಿಸುವ ಅಪಾರ್ಟ್‌ಮೆಂಟಿನವರಿಗೂ ಇಲ್ಲಿಯ ನಮ್ಮವರಿಗೂ ಒಂದೇ ವಿನಂತಿ. ಮುಂದಿನ ಸಲ ಅಂಗಡಿಯವರು ತಲೆ ಅಲ್ಲಾಡಿಸಿದಾಗ ಮೂರು ಪ್ರಶ್ನೆ ಕೇಳಿ: ಯಾವ ಭಾಗ ಕೆಟ್ಟಿದೆ? ಅದನ್ನು ಹೇಗೆ ಪರೀಕ್ಷಿಸಿದಿರಿ? ಬರೆದು ಕೊಡುತ್ತೀರಾ? ಬರೆದು ಕೊಡಲು ಹಿಂಜರಿದರೆ ಕಂಪ್ಯೂಟರನ್ನು ಎತ್ತಿಕೊಂಡು ಇನ್ನೊಂದು ಅಂಗಡಿಗೆ ನಡೆಯಿರಿ.