ಮತ್ತೆ ಹರಿದ ತೊರೆ

ಊರಿನ ನಡುವೆ ಹರಿಯುವ ನೀರು ಆ ಊರಿನ ಸ್ವಭಾವಕ್ಕೆ ಹಿಡಿದ ಕನ್ನಡಿ. ಜನರು ಅದನ್ನು ನಡೆಸಿಕೊಂಡ ರೀತಿಯನ್ನು ನೋಡಿದರೆ, ಅವರು ಒಬ್ಬರನ್ನೊಬ್ಬರು ಹೇಗೆ ನಡೆಸಿಕೊಂಡಾರೆಂಬುದನ್ನೂ ಊಹಿಸಬಹುದು. ದಕ್ಷಿಣ ಕೊರಿಯದ ರಾಜಧಾನಿಯಾದ ಸಿಯೋಲ್ ನಗರದ ಒಂದು ತೊರೆಯ ಕಥೆ ಈ ಮಾತಿಗೆ ಒಳ್ಳೆಯ ನಿದರ್ಶನ.

ಆ ತೊರೆಯ ಹೆಸರು ಚೊಂಗ್ಯೆಚೊನ್. ನಗರದ ಮಧ್ಯದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಅದರ ದಡದಲ್ಲಿ ಹಿಂದೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಮಕ್ಕಳು ಆಡುತ್ತಿದ್ದರು. 1950ರಿಂದ 1953ರವರೆಗೆ ನಡೆದ ಕೊರಿಯ ಯುದ್ಧದಲ್ಲಿ ಮನೆಮಾರು ಕಳೆದುಕೊಂಡವರು ಅಲ್ಲಿಯೇ ಗುಡಿಸಲು ಕಟ್ಟಿಕೊಂಡರು. ತೊರೆ ಕೊಳಚೆಯ ಕಾಲುವೆಯಾಯಿತು. 1958ರಲ್ಲಿ ಅದನ್ನು ಕಾಂಕ್ರೀಟಿನಿಂದ ಮುಚ್ಚುವ ಕಾರ್ಯ ಆರಂಭವಾಯಿತು. 1976ರ ಹೊತ್ತಿಗೆ ಅದರ ಮೇಲೆ ಎತ್ತರದ ಹೆದ್ದಾರಿಯೂ ಸಿದ್ಧವಾಗಿತ್ತು. ಅಂದಿನವರ ಕಣ್ಣಿಗೆ ಅದೇ ಪ್ರಗತಿಯ ಹೆಗ್ಗುರುತು.

ಕಾಲ ಕಳೆದಂತೆ ಹೆದ್ದಾರಿ ಶಿಥಿಲವಾಯಿತು. ಅದನ್ನು ಕೆಡವಿ ತೊರೆಯನ್ನು ಮತ್ತೆ ಬೆಳಕಿಗೆ ತರುವುದೇ ಲೇಸೆಂದು ನಗರಾಡಳಿತ ನಿರ್ಧರಿಸಿತು. 2003ರ ಜುಲೈ ತಿಂಗಳಲ್ಲಿ ಕೆಲಸ ತೊಡಗಿತು. 2005ರ ಅಕ್ಟೋಬರ್ 1ರಂದು ಸುಮಾರು 5.8 ಕಿಲೋಮೀಟರ್ ಉದ್ದದ ತೊರೆ ಜನರ ಪಾಲಿಗೆ ತೆರೆಯಿತು. ಹೆದ್ದಾರಿಯಿಲ್ಲದೆ ವಾಹನಸಂಚಾರವೇ ನಿಂತುಹೋದೀತೆಂದು ಹೆದರಿದವರು ಅನೇಕರು. ಆದರೆ ನಗರವು 2004ರಲ್ಲಿ ಬಸ್ಸುಗಳ ವ್ಯವಸ್ಥೆಯನ್ನು ಸುಧಾರಿಸಿಕೊಂಡಿತು. ಆ ಭಯ ನಿಜವಾಗಲಿಲ್ಲ. ಬೇಸಗೆಯಲ್ಲಿ ತೊರೆಯ ಬದಿಯ ಗಾಳಿ ಸಮೀಪದ ರಸ್ತೆಗಳ ಗಾಳಿಗಿಂತ ತಂಪು. ಮೀನುಗಳೂ ಹಕ್ಕಿಗಳೂ ಹಿಂದಿರುಗಿವೆ. ಸಂಜೆ ಕೆಲಸ ಮುಗಿಸಿದವರು ದಡದಲ್ಲಿ ಕುಳಿತು, ನೀರಿಗೆ ಕಾಲಿಳಿಬಿಟ್ಟು ದಣಿವಾರಿಸಿಕೊಳ್ಳುತ್ತಾರೆ. ಇದಕ್ಕೆ ಯಾರೂ ಹಣ ತೆರಬೇಕಾಗಿಲ್ಲ. ನನ್ನ ಅಭಿಪ್ರಾಯದಲ್ಲಿ ಇದೇ ಆ ತಾಣದ ಶ್ರೇಷ್ಠ ಗುಣ.

ಆದರೆ ಇಷ್ಟು ಹೊಗಳಿ ಸುಮ್ಮನಾದರೆ ನ್ಯಾಯವಾಗದು. ಹೆದ್ದಾರಿಯ ನೆರಳಿನಲ್ಲಿ ಹಳೆಯ ಸಾಮಾನುಗಳನ್ನು ಮಾರಿ ಬದುಕುತ್ತಿದ್ದ ಬೀದಿ ವ್ಯಾಪಾರಿಗಳನ್ನು ಅಲ್ಲಿಂದ ಎಬ್ಬಿಸಲಾಯಿತು. ಅವರಲ್ಲಿ ಅನೇಕರಿಗೆ ದೊಂಗ್‌ದೇಮುನ್ ಎಂಬಲ್ಲಿನ ಹಳೆಯ ಕ್ರೀಡಾಂಗಣದಲ್ಲಿ ಸ್ಥಳ ದೊರೆಯಿತು. ಕೆಲವೇ ವರ್ಷಗಳಲ್ಲಿ ಆ ಕ್ರೀಡಾಂಗಣವನ್ನೂ ಕೆಡವಿದರು. ವ್ಯಾಪಾರಿಗಳು ಮತ್ತೆ ಗಂಟುಮೂಟೆ ಕಟ್ಟಿದರು. ಆ ಜಾಗದಲ್ಲಿ 2014ರಲ್ಲಿ ತೆರೆದ ಭವ್ಯವಾದ ವಿನ್ಯಾಸ ಭವನವನ್ನು ನೋಡಲು ಇಂದು ದೇಶವಿದೇಶಗಳ ಪ್ರವಾಸಿಗರು ಬರುತ್ತಾರೆ. ವ್ಯಾಪಾರಿಗಳಿಗೆ ಬೇರೊಂದು ಮಾರುಕಟ್ಟೆಯನ್ನು ಒದಗಿಸಿದರು, ನಿಜ. ಆದರೆ ವ್ಯಾಪಾರವೆಂಬುದು ಗಿಡವಿದ್ದಂತೆ. ಮತ್ತೆ ಮತ್ತೆ ಕಿತ್ತು ನೆಟ್ಟರೆ ಬೇರು ಹಿಡಿಯದು.

ತೊರೆಯ ಒಂದು ಸೇತುವೆಯ ಮೇಲೆ ಯುವಕನೊಬ್ಬನ ಪ್ರತಿಮೆಯಿದೆ. ಆತ ಚೊನ್ ತೇ-ಇಲ್, ಅಲ್ಲಿನ ಮಾರುಕಟ್ಟೆಯಲ್ಲಿ ಉಡುಪು ಹೊಲಿಯುತ್ತಿದ್ದ ಕೆಲಸಗಾರ. ಗಾಳಿಬೆಳಕಿಲ್ಲದ ಕೋಣೆಗಳಲ್ಲಿ ಹಗಲಿರುಳು ದುಡಿಯುತ್ತಿದ್ದ ಹುಡುಗಿಯರ ಪರವಾಗಿ ಹೋರಾಡಿ, 1970ರಲ್ಲಿ, ತನ್ನ 22ನೆಯ ವಯಸ್ಸಿನಲ್ಲಿ ಪ್ರಾಣ ತೆತ್ತವನು. ನಗರವು ಮಡಿದ ಕಾರ್ಮಿಕನಿಗೆ ತೊರೆಯ ಬಳಿ ಗೌರವದ ಸ್ಥಾನ ಕೊಟ್ಟಿತು. ಬದುಕಿರುವ ಬಡ ವ್ಯಾಪಾರಿಗೂ ಅದೇ ದಡದಲ್ಲಿ ನಾಲ್ಕು ಮೊಳ ನೆಲ ಕೊಟ್ಟಿದ್ದರೆ ಆ ಗೌರವ ಪೂರ್ಣವಾಗುತ್ತಿತ್ತು.

ಎಲ್ಲರನ್ನೂ ಮೆಚ್ಚಿಸಲು ಹೊರಟರೆ ಯಾವ ಕೆಲಸವೂ ಆಗದೆಂದು ಕೆಲವರು ಹೇಳಬಹುದು. ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಇದನ್ನು ಯೋಚಿಸಿರಿ: ಸಹಜವಾಗಿ ನೀರು ಕಡಿಮೆಯಿರುವ ಈ ತೊರೆಗೆ ಹಾನ್ ನದಿಯಿಂದ ಯಂತ್ರಗಳ ಮೂಲಕ ಪ್ರತಿದಿನವೂ ನೀರು ಹರಿಸುತ್ತಾರೆ. ತೊರೆಯನ್ನು ಬದುಕಿಸಲು ಇಷ್ಟು ಶ್ರಮಪಡಬಲ್ಲ ನಗರಕ್ಕೆ, ಅದರ ದಡದಲ್ಲಿದ್ದ ಬಡವರ ಬದುಕನ್ನು ಅಲ್ಲಿಯೇ ಉಳಿಸುವುದು ಅಸಾಧ್ಯವಾಗಿತ್ತೆ?

ನಗರಗಳು ಹೊಸ ಚೆಲುವನ್ನು ಪಡೆಯಬೇಕು, ಅದರಲ್ಲಿ ಸಂದೇಹವಿಲ್ಲ. ನಿಮ್ಮ ಊರಿನಲ್ಲಿಯೂ ನಾಳೆ ಹೊಸ ಉದ್ಯಾನವೋ ಹೊಸ ಅಂಗಡಿ ಬೀದಿಯೋ ತಲೆಯೆತ್ತಬಹುದು. ಆಗ ಅದರ ಅಂದವನ್ನು ಮನಸಾರೆ ಮೆಚ್ಚಿರಿ. ಜೊತೆಗೆ, ನಿನ್ನೆಯವರೆಗೆ ಅಲ್ಲಿ ಬುಟ್ಟಿಯಿಟ್ಟು ಹೂ ಮಾರುತ್ತಿದ್ದ ಮುದುಕಿ ಇಂದು ಎಲ್ಲಿದ್ದಾಳೆಂಬುದನ್ನೂ ಕೇಳಿರಿ.