ಹುಸಿ ಎರೆಗೆ ಬೀಳುವ ಅಪ್ಪ ಮೀನು

ಹಸಿವಿಲ್ಲದ ಮೀನು ಗಾಳಕ್ಕೆ ಬಾಯಿ ಹಾಕುವುದುಂಟೆ? ಉಂಟು. ಉತ್ತರ ಅಮೆರಿಕದ ಲಾರ್ಜ್‌ಮೌತ್ ಬಾಸ್ ಎಂಬ ಮೀನು ವರ್ಷದಲ್ಲಿ ಕೆಲವು ವಾರ ಹೀಗೇ ಮಾಡುತ್ತದೆ. ಏಕೆ ಎಂದು ತಿಳಿಯಬೇಕಾದರೆ ಮೊದಲು ಅದನ್ನು ಹಿಡಿಯುವ ವಿದ್ಯೆಯ ಪರಿಚಯವಾಗಬೇಕು.

ಹೆಸರೇ ಹೇಳುವಂತೆ ಇದು ಹೆಬ್ಬಾಯಿಯ ಮೀನು. ಮೇಲ್ದವಡೆ ಕಣ್ಣನ್ನೂ ದಾಟಿ ಹಿಂದಕ್ಕೆ ಚಾಚಿರುತ್ತದೆ. ಹಸಿರು ಮೈ, ಪಕ್ಕದಲ್ಲಿ ಉದ್ದಕ್ಕೂ ಕಪ್ಪು ಪಟ್ಟಿ. ಜೊಂಡಿನ ಮರೆಯಲ್ಲೋ ನೀರಿಗುರುಳಿದ ಮರದ ಅಡಿಯಲ್ಲೋ ಹೊಂಚು ಹಾಕಿ ಕೂತು, ಹತ್ತಿರ ಸುಳಿದ ಸಣ್ಣ ಮೀನು, ಸೀಗಡಿ ಜಾತಿಯ ಕ್ರೇಫಿಶ್, ಕಪ್ಪೆ ಯಾವುದನ್ನಾದರೂ ಸರಕ್ಕನೆ ಒಳಗೆಳೆದುಕೊಳ್ಳುತ್ತದೆ. ಅಮೆರಿಕದಲ್ಲಿ ಇದನ್ನು ಹಿಡಿಯುವುದು ದೊಡ್ಡ ಕ್ರೀಡೆ. ಇಲಿನಾಯ್ ರಾಜ್ಯದಲ್ಲಿ 2009ರಿಂದ ಹೈಸ್ಕೂಲು ತಂಡಗಳಿಗೂ ಬಾಸ್ ಪಂದ್ಯಾವಳಿ ನಡೆಯುತ್ತಿದೆ. ದೋಣಿ ನಡೆಸುವವರು ಹಿರಿಯರು, ಗಾಳ ಬೀಸುವವರು ವಿದ್ಯಾರ್ಥಿಗಳು. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೇ ಬಿಡುತ್ತಾರೆ.

ಈ ಆಟದಲ್ಲಿ ಬಳಸುವುದು ನಿಜವಾದ ಎರೆಹುಳುವಲ್ಲ, ಹುಸಿ ಎರೆ. ಮರ, ಲೋಹ, ರಬ್ಬರು, ಪ್ಲಾಸ್ಟಿಕ್ಕಿನಿಂದ ಮಾಡಿದ ಬೊಂಬೆ. ಇಂಗ್ಲಿಷಿನಲ್ಲಿ ‘ಲ್ಯೂರ್’ ಎನ್ನುತ್ತಾರೆ. 1949ರಲ್ಲಿ ಒಹಾಯೋ ರಾಜ್ಯದ ಆಕ್ರನ್ ನಗರದ ನಿಕ್ ಕ್ರೀಮ್ ಎಂಬಾತ ಮನೆಯಲ್ಲೇ ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ಸುರಿದು ಮೆತ್ತನೆಯ ಹುಳು ಮಾಡಿದ. ಇಂದಿಗೂ ಅದರ ವಂಶಜರೇ ಗಾಳಗಾರರ ಡಬ್ಬಿಯಲ್ಲಿ ತುಂಬಿದ್ದಾರೆ. ಆದರೆ ಡಬ್ಬಿಯಲ್ಲಿ ನೂರು ಹುಳು ಇದ್ದರೇನು? ಯಾವ ಹೊತ್ತಿಗೆ ಯಾವುದು ಎಂಬುದು ಗೊತ್ತಿರಬೇಕು.

ನೀರಿನ ಬಿಸಿ

ಮೀನು ಶೀತರಕ್ತದ ಪ್ರಾಣಿ. ನೀರು ಎಷ್ಟು ಬಿಸಿಯೋ ಅದರ ಮೈಯೂ ಹೆಚ್ಚು ಕಡಿಮೆ ಅಷ್ಟೇ ಬಿಸಿ. ಚಳಿಗಾಲದಲ್ಲಿ ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಅದರ ಜೀರ್ಣಕ್ರಿಯೆ, ಓಡಾಟ ಎಲ್ಲವೂ ನಿಧಾನ. ಆಗ ವೇಗವಾಗಿ ಓಡುವ ಬೊಂಬೆಯನ್ನು ಅಟ್ಟಿಸಿಕೊಂಡು ಬರುವ ಶಕ್ತಿ ಅದಕ್ಕಿರುವುದಿಲ್ಲ. ಅನುಭವಿಗಳು ಸೀಸದ ತಲೆಯ ಸಣ್ಣ ‘ಜಿಗ್’ ಅನ್ನು ತಳಕ್ಕಿಳಿಸಿ, ಒಮ್ಮೆ ಜಗ್ಗಿ, ಬಹಳ ಹೊತ್ತು ಸುಮ್ಮನಿರುತ್ತಾರೆ.

ವಸಂತದಲ್ಲಿ ದಡದ ಬಳಿಯ ನೀರು ಬೇಗ ಕಾಯುತ್ತದೆ, ಬಾಸ್ ಅಲ್ಲಿಗೆ ಬರುತ್ತದೆ. ಆಗ ತಿರುಗುವ ತಗಡು ಕಟ್ಟಿದ ‘ಸ್ಪಿನ್ನರ್‌ಬೇಟ್’, ಮುಂದಿನ ತುಟಿಯಿಂದಾಗಿ ನೀರಿನಲ್ಲಿ ಅಲ್ಲಾಡುತ್ತ ಮುಳುಗುವ ‘ಕ್ರ್ಯಾಂಕ್‌ಬೇಟ್’ ನಡೆಯುತ್ತವೆ. ಬೇಸಿಗೆಯ ಮುಂಜಾನೆ, ಮುಸ್ಸಂಜೆಗಳಲ್ಲಿ ನೀರಿನ ಮೇಲೆ ಗುಳುಗುಳು ಸದ್ದು ಮಾಡುವ ಬೊಂಬೆ. ಮಧ್ಯಾಹ್ನ ಜೊಂಡಿನ ನಡುವೆ ಪ್ಲಾಸ್ಟಿಕ್ ಹುಳು. ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯಲ್ಲೇ ಹುದುಗಿಸಿದರೆ ಅದು ಗಿಡಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಇದಕ್ಕೆ ‘ಟೆಕ್ಸಾಸ್ ರಿಗ್’ ಎಂದು ಹೆಸರು. ಶರತ್ಕಾಲದಲ್ಲಿ ಸಣ್ಣ ಮೀನುಗಳ ಹಿಂಡು ಹಳ್ಳದ ಕಡೆಗೆ ಸರಿದಾಗ ಬಾಸ್ ಕೂಡ ಹಿಂಬಾಲಿಸುತ್ತದೆ. ಬೆಳ್ಳಿ ಬಣ್ಣದ ಮೀನಿನಾಕಾರದ ಬೊಂಬೆಗೆ ಅದು ಕಾಲ.

ಬೇಸಿಗೆಯಲ್ಲಿ ಇನ್ನೊಂದು ಸಂಗತಿಯುಂಟು. ಬಿಸಿ ನೀರು ಹಗುರ, ತಣ್ಣೀರು ಭಾರ. ಆದ್ದರಿಂದ ಆಳವಾದ ಸರೋವರದ ನೀರು ಪದರಗಳಾಗಿ ನಿಲ್ಲುತ್ತದೆ. ಮೇಲಿನ ಗಾಳಿ ಕೆಳಗಿನ ಪದರಕ್ಕೆ ಬೆರೆಯದು. ತಳದಲ್ಲಿ ಕೊಳೆಯುವ ಕಸ ಇದ್ದ ಆಮ್ಲಜನಕವನ್ನೂ ಮುಗಿಸಿಬಿಡುತ್ತದೆ. ಬಿಸಿಲಿಗೆ ಮೀನು ಆಳಕ್ಕೆ ಹೋಗಿರಬೇಕೆಂದು ತಳದವರೆಗೂ ಗಾಳ ಇಳಿಸಿದವನಿಗೆ ಅಲ್ಲಿ ಏನೂ ಸಿಗುವುದಿಲ್ಲ. ಉಸಿರಾಡಲಾಗದ ಕಡೆ ಮೀನು ಇರುವುದೆಂತು?

ಬಣ್ಣ ಯಾರಿಗಾಗಿ?

ನೀರು ತಿಳಿಯಾಗಿದ್ದರೆ ಸಹಜ ಬಣ್ಣದ ಸಣ್ಣ ಬೊಂಬೆ, ತೆಳುವಾದ ದಾರ. ಮಳೆಯಿಂದ ಕೆಂಪಾಗಿದ್ದರೆ ಎದ್ದು ಕಾಣುವ ಗಾಢ ಬಣ್ಣ, ಇಲ್ಲವೇ ಒಳಗೆ ಗುಂಡು ಹಾಕಿದ ಗಿಲಕಿಯಂಥ ಬೊಂಬೆ. ಕಣ್ಣಿಗೆ ಕಾಣದ್ದನ್ನು ಬಾಸ್ ಮೈಯಿಂದ ಗ್ರಹಿಸುತ್ತದೆ. ಅದರ ಪಕ್ಕದುದ್ದಕ್ಕೂ ಇರುವ ಸೂಕ್ಷ್ಮ ಅಂಗಗಳ ಸಾಲು ನೀರಿನ ಅದುರುವಿಕೆಯನ್ನು ಗುರುತಿಸುತ್ತದೆ.

ಅಂಗಡಿಗಳಲ್ಲಿ ಬೊಂಬೆಗಳು ಹತ್ತಾರು ಬಣ್ಣಗಳಲ್ಲಿ ಸಿಗುತ್ತವೆ. ಇಲಿನಾಯ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬಾಸ್ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆ: ಒಂದು ಹಸಿರಿಗೆ, ಇನ್ನೊಂದು ಕೆಂಪಿಗೆ. ಈ ಎರಡನ್ನು ಅದು ಚೆನ್ನಾಗಿ ಬಲ್ಲದು. ಆದರೆ ನೀಲಿಗೂ ಕಪ್ಪಿಗೂ, ಹಸಿರುಹಳದಿಗೂ ಬಿಳಿಗೂ ವ್ಯತ್ಯಾಸ ತಿಳಿಯಲು ತಿಣುಕುತ್ತದೆ. ಆ ಬಣ್ಣದ ವೈವಿಧ್ಯದಲ್ಲಿ ಒಂದು ಪಾಲು ಕೊಳ್ಳುವವನ ಕಣ್ಣಿಗಾಗಿಯೇ ಇದ್ದೀತು!

ಹವೆಯನ್ನೂ ಗಮನಿಸಬೇಕು. ಗಾಳಿ ಬೀಸಿದ ದಡದಲ್ಲಿ ತೇಲುವ ಸೂಕ್ಷ್ಮಜೀವಿಗಳು ಸೇರುತ್ತವೆ, ಅವನ್ನು ತಿನ್ನಲು ಸಣ್ಣ ಮೀನು, ಅವನ್ನು ತಿನ್ನಲು ಬಾಸ್. ಮೋಡ ಕವಿದ ದಿನ ಅದು ಮರೆಯಿಂದ ಹೊರಬಂದು ಅಡ್ಡಾಡುತ್ತದೆ. ಶೀತಮಾರುತ ದಾಟಿ ಆಕಾಶ ನಿಚ್ಚಳವಾದ ಮರುದಿನ ಗಾಳಗಾರರಿಗೆ ಕಷ್ಟದ ದಿನ. ಮೀನು ಪೊದೆಗೆ ಅಂಟಿಕೊಂಡು ಕೂರುತ್ತದೆ. ಬೊಂಬೆ ಸಣ್ಣದಾಗಬೇಕು, ಕೈ ನಿಧಾನವಾಗಬೇಕು.

ಅಪ್ಪನ ಕಾವಲು

ಇನ್ನು ಮೊದಲಿನ ಪ್ರಶ್ನೆಗೆ ಬರಬಹುದು. ವಸಂತದಲ್ಲಿ ನೀರು ಸುಮಾರು 15ರಿಂದ 20 ಡಿಗ್ರಿ ಮುಟ್ಟಿದಾಗ ಗಂಡು ಬಾಸ್ ದಡದ ಬಳಿ ಬಾಲದಿಂದ ತಳ ಗುಡಿಸಿ ತಟ್ಟೆಯಂಥ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಆಮೇಲಿನ ಸಂಸಾರವೆಲ್ಲ ಅಪ್ಪನದು. ರೆಕ್ಕೆ ಬೀಸಿ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುವುದು, ಮರಿಗಳು ಹೊರಬಂದ ಮೇಲೂ ಕೆಲವು ವಾರ ಕಾಯುವುದು ಅವನ ಕೆಲಸ. ಸರಿಯಾದ ಊಟವೂ ಇರುವುದಿಲ್ಲ. ಗೂಡಿನ ಬಳಿ ಏನೇ ಸುಳಿದರೂ ಮೇಲೆರಗುತ್ತಾನೆ. ಹುಸಿ ಎರೆಯ ಮೇಲೂ! ಅದು ಹಸಿವಲ್ಲ, ಮಕ್ಕಳ ರಕ್ಷಣೆ.

ಅವನನ್ನು ಎಳೆದುಕೊಂಡೊಡನೆ ಕಾದಿದ್ದ ‘ಬ್ಲೂಗಿಲ್’ ಮೀನುಗಳು ಗೂಡಿಗೆ ನುಗ್ಗುತ್ತವೆ. ಫೋಟೋ ತೆಗೆದು, ತೂಗಿ, ಮೆಚ್ಚಿ ಅವನನ್ನು ಬಿಡುವಷ್ಟರಲ್ಲಿ ಮೊಟ್ಟೆಗಳಲ್ಲಿ ಬಹುಪಾಲು ಮುಗಿದಿರಬಹುದು.

ಇಲಿನಾಯ್‌ನ ರಿಡ್ಜ್ ಲೇಕ್ ಎಂಬ ಸಣ್ಣ ಜಲಾಶಯದಲ್ಲಿ 1970ರ ದಶಕದಲ್ಲಿ ಇದಕ್ಕೆ ಸಂಬಂಧಿಸಿದ ಪ್ರಯೋಗವೊಂದು ಆರಂಭವಾಯಿತು. ಅಲ್ಲಿ ಸಿಕ್ಕ ಪ್ರತಿಯೊಂದು ಬಾಸ್‌ಗೂ ಗುರುತು ಹಾಕಿ, ಲೆಕ್ಕ ಬರೆದು ಬಿಡಲಾಗುತ್ತಿತ್ತು. ನಾಲ್ಕು ವರ್ಷದ ನಂತರ ನೀರು ಬಸಿದಾಗ 1,700ಕ್ಕೂ ಹೆಚ್ಚು ಮೀನು ದೊರೆತವು. ಅವುಗಳಲ್ಲಿ ಒಂದು ಸಣ್ಣ ಪಾಲು ಒಮ್ಮೆಯೂ ಗಾಳಕ್ಕೆ ಬಿದ್ದಿರಲಿಲ್ಲ. ಕೆಲವು ಪದೇ ಪದೇ ಬಿದ್ದಿದ್ದವು. ಈ ಎರಡು ಗುಂಪುಗಳನ್ನು ಬೇರೆ ಬೇರೆಯಾಗಿ ಕೆಲವು ಪೀಳಿಗೆ ಬೆಳೆಸಿದಾಗ ಗಾಳಕ್ಕೆ ಬೀಳುವ ಗುಣ ಮಕ್ಕಳಿಗೂ ಬರುತ್ತದೆಂಬುದು ಖಚಿತವಾಯಿತು. 2009ರಲ್ಲಿ ಇದರ ಫಲಿತಾಂಶ ಪ್ರಕಟವಾಯಿತು. ಮುಂದಿನ ಅಧ್ಯಯನಗಳಲ್ಲಿ ಇನ್ನೊಂದು ಅಂಶ ಬೆಳಕಿಗೆ ಬಂತು: ಸುಲಭವಾಗಿ ಗಾಳಕ್ಕೆ ಬೀಳುವ ಗುಂಪಿನ ಗಂಡುಗಳೇ ಮರಿಗಳನ್ನು ಹೆಚ್ಚು ಎಚ್ಚರದಿಂದ ಕಾಯುವ ಅಪ್ಪಂದಿರು. ಕೆರೆಯಿಂದ ಅಂಥವರನ್ನೇ ಆರಿಸಿ ಆರಿಸಿ ತೆಗೆದರೆ ಉಳಿಯುವ ಸಂತತಿ ಎಂಥದು?

1972ರಲ್ಲಿ ಬಾಸ್ ಪಂದ್ಯಗಳ ಸಂಘಟಕ ರೇ ಸ್ಕಾಟ್, ಹಿಡಿದ ಮೀನನ್ನು ಕೊಲ್ಲಬೇಡಿ ಎಂಬ ಪ್ರಚಾರ ಆರಂಭಿಸಿದಾಗ ಅದು ದೊಡ್ಡ ಹೆಜ್ಜೆ. ಒದ್ದೆ ಕೈಯಿಂದಲೇ ಮುಟ್ಟಬೇಕು, ಹೊಟ್ಟೆಗೆ ಆಸರೆ ಕೊಡಬೇಕು, ನೀರಿನಿಂದ ಹೊರಗೆ ಸ್ವಲ್ಪ ಹೊತ್ತೇ ಇಡಬೇಕು ಎಂಬುದು ಈಗ ಹುಡುಗರಿಗೂ ಗೊತ್ತು. ಆದರೆ ಗೂಡು ಕಾಯುವ ಅಪ್ಪನಿಗೆ ಅಷ್ಟು ಸಾಲದು. ಅವನನ್ನು ಬಿಡುವುದಾದರೆ ಆ ಕ್ಷಣವೇ, ಹಿಡಿದ ಜಾಗದಲ್ಲೇ ಬಿಡಬೇಕು. ಗೂಡು ಕಂಡರೆ ಗಾಳ ಬೀಸದಿರುವುದು ಇನ್ನೂ ಒಳ್ಳೆಯದು.

ಗಾಳಗಾರನ ಡಬ್ಬಿಯಲ್ಲಿರುವ ಅಗ್ಗದ ಸಲಕರಣೆಗಳಲ್ಲಿ ಉಷ್ಣಮಾಪಕವೂ ಒಂದು. ಇಂದು ಮೀನು ಎಲ್ಲಿದೆ ಎಂಬುದನ್ನು ಅದು ಹುಡುಗನಿಗೆ ಹೇಳಿಕೊಡುತ್ತದೆ. ಅದೇ ಮಾಪಕ ವಸಂತದಲ್ಲಿ 15 ಡಿಗ್ರಿ ದಾಟಿದಾಗ ದಡದ ಕಡೆ ಹೆಚ್ಚು ಆಸೆಯಿಂದ ನೋಡುವುದೋ, ದೋಣಿಯನ್ನು ಸ್ವಲ್ಪ ದೂರಕ್ಕೆ ತಿರುಗಿಸುವುದೋ ಎಂಬುದನ್ನು ಮಾತ್ರ ಜೊತೆಯಲ್ಲಿ ಕೂತ ಹಿರಿಯರೇ ಹೇಳಿಕೊಡಬೇಕು.