ಚಿನ್ನದ ಹುಡುಗಿಯರು

ವೃಂದ ರಿದಮಿಕ್ ಜಿಮ್ನ್ಯಾಸ್ಟಿಕ್ಸ್ ಎಂಬುದು ಅಂಗಸಾಧನೆಗೂ ನರ್ತನಕ್ಕೂ ನಡುವಣ ವಿದ್ಯೆ. ಐವರು ಹುಡುಗಿಯರು ಸಂಗೀತದ ಲಯವನ್ನನುಸರಿಸಿ, ಎರಡೂವರೆ ನಿಮಿಷ ಮೀರದಂತೆ, ಹೂಪ್ ಎಂಬ ಹಿರಿಬಳೆಯನ್ನೋ ಚೆಂಡನ್ನೋ ರಿಬ್ಬನ್ನನ್ನೋ ಎಸೆದು ಹಿಡಿಯುತ್ತ ಒಂದೇ ದೇಹವೆಂಬಂತೆ ಚಲಿಸಬೇಕು. ಒಬ್ಬಳ ಕೈ ತಪ್ಪಿದರೆ ಐವರ ಅಂಕಕ್ಕೂ ಕುಂದು. ಒಬ್ಬಳೇ ಬೇರೆಯಾಗಿ ಎದ್ದು ಕಂಡರೂ ಕುಂದೇ. ಕಾಣಿಸಿಕೊಳ್ಳದಿರುವುದನ್ನೇ ಸಾಧನೆಯೆನ್ನುವ ಆಟಗಳು ಲೋಕದಲ್ಲಿ ಹೆಚ್ಚಿರಲಾರವು.

ಒಲಿಂಪಿಕ್ಸ್‌ನಲ್ಲಿ ಈ ವೃಂದಸ್ಪರ್ಧೆ ಮೊದಲು ನಡೆದದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. ಬಲ್ಗೇರಿಯ, ರಷ್ಯಗಳು ಈ ವಿದ್ಯೆಯ ತವರುಗಳೆನಿಸಿದ್ದರೂ ಮೊದಲ ಚಿನ್ನ ಸ್ಪೇನಿನ ಪಾಲಾಯಿತು. ಅದಕ್ಕೆ ಬಂದ ಅಂಕ 38.933, ಎರಡನೆಯದಾದ ಬಲ್ಗೇರಿಯಕ್ಕೆ 38.866. ಗೆದ್ದವರನ್ನು ಪಳಗಿಸಿದ ಎಮಿಲಿಯಾ ಬೊನೇವಾ ಹುಟ್ಟಿನಿಂದ ಬಲ್ಗೇರಿಯದವರೇ ಎಂಬುದು ಈ ಕಥೆಯೊಳಗಿನ ಸಣ್ಣ ವಿನೋದ. ಕಣಕ್ಕೆ ಐವರು, ಬದಲಿಗೆ ಒಬ್ಬಳು, ಒಟ್ಟು ಆರು ಮಂದಿ. ಎಲ್ಲರಿಗಿಂತ ಕಿರಿಯಳಾದ ಲೊರೇನಾ ಗುರೇಂದೆಸ್‌ಗೆ ಆಗ 15 ವರ್ಷ. 'ಚಿನ್ನದ ಹುಡುಗಿಯರು' ಎಂದು ಸ್ಪೇನ್ ಅವರನ್ನು ಕೊಂಡಾಡಿತು.

ಆ ಆರು ಮಂದಿಯಲ್ಲಿ ವಿಟೋರಿಯಾ ನಗರದ ತಾನಿಯಾ ಲಾಮಾರ್ಕಾ ಒಬ್ಬಳು. ವಯಸ್ಸು 16. ತಂದೆತಾಯಿಗಳನ್ನು ಬಿಟ್ಟು, ದೂರದ ಮ್ಯಾಡ್ರಿಡ್‌ನಲ್ಲಿ ಸಂಗಾತಿಗಳೊಡನೆ ಒಂದೇ ಮನೆಯಲ್ಲಿ ಬಾಳುತ್ತ, ದಿನಕ್ಕೆ ಎಂಟು ಗಂಟೆಗಳಷ್ಟು ಸಾಧನೆ ಮಾಡಿ ಈ ಪದಕವನ್ನು ಪಡೆದಳು. ಮರುವರ್ಷವೇ, ಮೈತೂಕ ಹೆಚ್ಚಿತೆಂಬ ಕಾರಣಕ್ಕೆ ತಂಡದಲ್ಲಿ ಆಕೆಗೆ ಸ್ಥಾನವಿಲ್ಲದಂತಾಯಿತು. ಬೆಳೆಯುವ ವಯಸ್ಸಿನಲ್ಲಿ ಬೆಳೆದುದೇ ಆಕೆಯ ಅಪರಾಧ!

ಪಂಪನ 'ಆದಿಪುರಾಣ'ವನ್ನು ಓದಿದವರಿಗೆ ಇಲ್ಲಿ ನೀಲಾಂಜನೆ ನೆನಪಾಗದಿರಳು. ಆಡುತ್ತಾಡುತ್ತಲೇ ಆಯುಸ್ಸು ತೀರಿ ಆ ದೇವನರ್ತಕಿ ಮರೆಯಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ಅವಳನ್ನೇ ಹೋಲುವ ಮತ್ತೊಬ್ಬಳನ್ನು ಆ ಕ್ಷಣದಲ್ಲೇ ನಿಲ್ಲಿಸುತ್ತಾನೆ. ಸಭೆಗೆ ಅದು ತಿಳಿಯುವುದಿಲ್ಲ, ತಿಳಿಯುವುದು ಆದಿದೇವನೊಬ್ಬನಿಗೆ. ವೃಂದದ ಆಟವೂ ಹೀಗೆಯೇ. ಒಬ್ಬಳು ಹೋದೆಡೆ ಇನ್ನೊಬ್ಬಳು ನಿಲ್ಲುತ್ತಾಳೆ, ಉಡುಪು ಅದೇ, ಮುಗುಳುನಗೆ ಅದೇ, ಚಪ್ಪಾಳೆಯೂ ಅದೇ. ಆದರೆ ನೀಲಾಂಜನೆಯ ಆಯುಸ್ಸು ತೀರಿತ್ತು. ಈ ಹುಡುಗಿಯ ಬಾಳಾದರೋ ಆಗಷ್ಟೇ ತೊಡಗಿತ್ತು.

ಕಟ್ಟುನಿಟ್ಟಿಲ್ಲದೆ ಯಾವ ಕಲೆಯೂ ಕೈವಶವಾಗದೆಂದು ಹೇಳುವವರಿದ್ದಾರೆ, ನಿಜವೇ. ನಮ್ಮ ಸಂಗೀತ ಗುರುಗಳೂ ಶಿಷ್ಯರನ್ನು ಸುಲಭವಾಗಿ ಬಿಟ್ಟವರಲ್ಲ. ಆದರೆ ಶ್ರುತಿ ತಪ್ಪಿದವನನ್ನು ತಿದ್ದುವ ಮಾತು ಬೇರೆ, ಪ್ರಾಯಕ್ಕೆ ಬರುತ್ತಿರುವ ದೇಹವನ್ನೇ ತಪ್ಪೆಂದು ಎಣಿಸುವುದು ಬೇರೆ. ಮೊದಲನೆಯದು ಶಿಕ್ಷಣ. ಎರಡನೆಯದಕ್ಕೆ ಆ ಹೆಸರು ಸಲ್ಲದೆಂದು ನಮ್ಮ ಭಾವನೆ.

2008ರಲ್ಲಿ ತಾನಿಯಾ, ಇನ್ನೊಬ್ಬ ಬರಹಗಾರ್ತಿಯೊಡನೆ ಸೇರಿ, ತನ್ನ ಕಥೆಯನ್ನು ಸ್ಪ್ಯಾನಿಷ್ ಭಾಷೆಯಲ್ಲಿ ಪ್ರಕಟಿಸಿದಳು. ಅದರ ಹೆಸರನ್ನು 'ಒಂದು ಪದಕಕ್ಕಾಗಿ ಕಣ್ಣೀರು' ಎಂದು ಕನ್ನಡಿಸಬಹುದು. ಆ ಭಾಷೆಯನ್ನು ಬಲ್ಲ ನಮ್ಮ ಲೇಖಕರು ಅದನ್ನು ಮೂಲದಿಂದಲೇ ಕನ್ನಡಕ್ಕೆ ತರುವುದಾದರೆ, ಕಾಲೇಜುಗಳ ಪುಸ್ತಕಭಂಡಾರಗಳಲ್ಲಿ ಕ್ರೀಡೆಯ ಕಪಾಟಿನಲ್ಲಲ್ಲ, ಆತ್ಮಕಥೆಗಳ ಸಾಲಿನಲ್ಲಿ ಅದಕ್ಕೆ ಎಡೆ ಮಾಡಿಕೊಡಬೇಕು.